ಶಾರ್ಡೊನೇ ದ್ರಾಕ್ಷಿಯೂ ಶಿಕಾರಿಪುರ, ಸೊರಬ ತಾಲ್ಲೂಕುಗಳ ಹವೆಯೂ

ದ್ರಾಕ್ಷಾರಸಕ್ಕೆಂದೇ ಬೆಳೆಸುವ ಬಿಳಿಯ ದ್ರಾಕ್ಷಿಯ ಜಾತಿಗಳಲ್ಲಿ ಶಾರ್ಡೊನೇ ಎಂಬುದು ಲೋಕಪ್ರಸಿದ್ಧವಾದುದು. ಇದರ ಉತ್ತಮವಾದ ರಸವು ಬೆಟ್ಟಗಳ ತಂಪು ಸೀಮೆಯಿಂದ ಬರುವುದೆಂಬ ಮಾತು ಆಗಾಗ್ಗೆ ಕೇಳಿಬರುವುದು. "ಬೆಟ್ಟವೂ ಉಂಟು, ತಂಪೂ ಉಂಟು, ಅಂದಮೇಲೆ ನಮ್ಮ ಸೀಮೆಯಲ್ಲಿ ಇದೇಕೆ ಆಗಬಾರದು?" ಎಂದು ಶಿಕಾರಿಪುರ, ಸೊರಬ ತಾಲ್ಲೂಕುಗಳ ಜಮೀನುದಾರನಿಗೆ ತೋರಿದರೆ ಅದು ಸಹಜವೇ. ಅಡಿಕೆಯ ಧಾರಣೆಯು ವರ್ಷಕ್ಕೊಂದು ಬಗೆಯಾಗಿರುವಾಗ, ಶುಂಠಿಯು ಒಂದು ವರ್ಷ ಹಣ ತಂದು ಮರುವರ್ಷ ಗಡ್ಡೆ ಕೊಳೆತು ಹಾಕಿದ ಮೂಲಧನವನ್ನೇ ನುಂಗುವಾಗ, ಹೊಸ ಬೆಳೆಯ ಹೆಸರು ಕಿವಿಗೆ ಇಂಪಾಗಿಯೇ ಇರುವುದು. ಆದರೆ ದ್ರಾಕ್ಷಿಯ ತೋಟವು ಒಂದು ವರ್ಷದ ಜೂಜಲ್ಲ. ಕಲ್ಲುಕಂಬ, ತಂತಿ, ಹನಿ ನೀರಾವರಿಯ ಕೊಳವೆ, ಕಸಿಗಿಡ ಇವೆಲ್ಲಕ್ಕೂ ಮೊದಲೇ ಹಣ ಸುರಿದು, ಎರಡನೆಯ ವರ್ಷದ ಕೊನೆಗೆ ಮೊದಲ ಫಸಲನ್ನು ಕಂಡು, ಮುಂದೆ ಹತ್ತು ಹನ್ನೆರಡು ವರ್ಷ ಅದನ್ನೇ ನಂಬಿರಬೇಕಾದ ಬೆಳೆಯು ಇದು. ಆದಕಾರಣ ಒಂದು ಗುಂಟೆಗೆ ಕಂಬ ನೆಡುವುದಕ್ಕೆ ಮುಂಚೆಯೇ "ಬೆಟ್ಟದ ತಂಪು" ಎಂಬ ಮಾತಿನ ಅರ್ಥವನ್ನು ಚೆನ್ನಾಗಿ ವಿಚಾರಿಸಿಕೊಳ್ಳುವುದು ಅವಶ್ಯವು. ಯಾರ ಜಮೀನನ್ನು ನೋಡಿ ಊರಿನ ನಾಲ್ಕು ಜನ ತಮ್ಮ ಬೇಸಾಯವನ್ನು ನಿಶ್ಚಯಿಸುವರೋ ಅಂಥ ಗ್ರಾಮದ ಮುಖಂಡರಿಗೆ ಇದು ಇನ್ನೂ ಹೆಚ್ಚು ಅವಶ್ಯವು.

ಬಳ್ಳಿಯ ಸ್ವಭಾವ

ಶಾರ್ಡೊನೇಯ ತವರು ಫ್ರಾನ್ಸ್ ದೇಶದ ಬರ್ಗಂಡಿ ಪ್ರಾಂತ್ಯವು. ಅಲ್ಲಿ ಇದೇ ಹೆಸರಿನ ಹಳ್ಳಿಯೊಂದು ಈಗಲೂ ಇರುವುದು. ಇದು ಪಿನೋ ಎಂಬ ಕುಲೀನ ಜಾತಿಗೂ, ಗೂಎ ಬ್ಲಾಂ ಎಂಬ ಒರಟು ಜಾತಿಗೂ ಹುಟ್ಟಿದ ಸಂತಾನವೆಂದು 1999 ರಲ್ಲಿ ಪ್ರಕಟವಾದ ವಂಶಪರೀಕ್ಷೆಯಿಂದ ತಿಳಿದುಬಂದಿತು. ಗೂಎ ಬ್ಲಾಂ ಬಡ ರೈತರ ಬಳ್ಳಿಯೆಂದು ದೊಡ್ಡವರಿಂದ ತಿರಸ್ಕೃತವಾಗಿದ್ದುದು. ಹೋರಿಗಾಗಲಿ ಬಳ್ಳಿಗಾಗಲಿ ತಾಯಿತಂದೆಯ ಹೆಸರೊಂದನ್ನೇ ನೋಡಿ ಬೆಲೆ ಕಟ್ಟಬಾರದೆಂಬುದನ್ನು ಅನುಭವಸ್ಥ ರೈತನಿಗೆ ಹೇಳಿಕೊಡಬೇಕಾದುದಿಲ್ಲ.

ಈ ಬಳ್ಳಿಯ ಗೊಂಚಲು ಚಿಕ್ಕದು, ಕಾಯಿಗಳು ಒತ್ತಾಗಿ ಕೂತಿರುವುವು. ಹಣ್ಣು ಸಣ್ಣದು, ಸಿಪ್ಪೆ ತೆಳ್ಳಗೆ, ಒಳಗೆ ಬೀಜ. ತಿನ್ನುವುದಕ್ಕೆಂದು ಸಂತೆಗೆ ತಂದರೆ ಬೀಜವಿಲ್ಲದ ದಪ್ಪ ಹಣ್ಣಿನ ಮುಂದೆ ಇದನ್ನು ಕೊಳ್ಳುವವರು ಸಿಕ್ಕಲಾರರು. ಒತ್ತಾದ ಗೊಂಚಲಿನೊಳಕ್ಕೆ ಮಳೆನೀರು ಇಳಿದರೆ ಬೇಗನೆ ಆರುವುದಿಲ್ಲ. ಒಂದು ಕಾಯಿ ಕೊಳೆತರೆ ಅದು ಪಕ್ಕದ ಕಾಯಿಗೆ ತಗಲುವುದು. ಬೂದಿ ರೋಗಕ್ಕಂತೂ ಈ ಜಾತಿಯು ಸುಲಭವಾಗಿ ತುತ್ತಾಗುವುದು.

ಇದರ ಇನ್ನೊಂದು ಗುಣವೆಂದರೆ ಚಳಿಗಾಲ ಮುಗಿಯುತ್ತಲೇ ಉಳಿದ ಜಾತಿಗಳಿಗಿಂತ ಮೊದಲು ಚಿಗುರುವುದು. ಬರ್ಗಂಡಿಯ ಉತ್ತರದ ಶಾಬ್ಲಿ ಎಂಬಲ್ಲಿ ಏಪ್ರಿಲ್ ತಿಂಗಳ ರಾತ್ರಿ ಹಿಮ ಬಿದ್ದರೆ ಎಳೆಯ ಚಿಗುರು ಸುಟ್ಟಂತೆ ಕರಿದಾಗುವುದು. ಅಲ್ಲಿನ ಬೆಳೆಗಾರರು ಸಾಲುಸಾಲಾಗಿ ದೊಡ್ಡ ಮೇಣದ ದೀಪಗಳನ್ನು ಹಚ್ಚಿ ರಾತ್ರಿಯೆಲ್ಲಾ ಕಾಯುವರು. ಕೆಲವರು ಬಳ್ಳಿಯ ಮೇಲೆ ನೀರನ್ನು ಚಿಮುಕಿಸಿ, ಚಿಗುರಿನ ಸುತ್ತ ಮಂಜುಗಡ್ಡೆಯ ಹೊದಿಕೆ ಕಟ್ಟಿಸಿ, ಆ ಹೊದಿಕೆಯೊಳಗೇ ಚಿಗುರನ್ನು ಉಳಿಸಿಕೊಳ್ಳುವರು. ಇಷ್ಟೆಲ್ಲ ಮಾಡಿಯೂ 2016 ರಲ್ಲಿಯೂ 2021 ರಲ್ಲಿಯೂ ಏಪ್ರಿಲ್ ಹಿಮದಿಂದ ಅಲ್ಲಿ ಬಹಳ ನಷ್ಟವಾಯಿತು. ತಂಪು ಸೀಮೆಯ ಬೆಳೆಗಾರನಿಗೂ ಆಕಾಶದ ಭಯ ತಪ್ಪಿದ್ದಲ್ಲ. ಭಯದ ಬಗೆ ಮಾತ್ರ ಬೇರೆ.

ತಂಪೆಂದರೆ ಎಷ್ಟು?

ದ್ರಾಕ್ಷಾರಸಕ್ಕೆ ತಂಪು ಏಕೆ ಬೇಕೆಂಬುದನ್ನು ಮೊದಲು ತಿಳಿಯಬೇಕು. ಹಣ್ಣು ಮಾಗುವಾಗ ಅದರಲ್ಲಿ ಸಕ್ಕರೆ ಏರುವುದು, ಹುಳಿ ಇಳಿಯುವುದು. ಈ ಸಕ್ಕರೆಯೇ ಹುದುಗಿದಾಗ ಮದ್ಯಸಾರವಾಗುವುದು. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಇದ್ದರೆ ನೂರಕ್ಕೆ ಒಂದು ಭಾಗ ಮದ್ಯಸಾರ ಹುಟ್ಟುವುದೆಂದು ಲೆಕ್ಕ. ರಸದಲ್ಲಿ ಲೀಟರಿಗೆ 200 ಗ್ರಾಂ ಸಕ್ಕರೆ ಇದ್ದರೆ ನೂರಕ್ಕೆ ಸುಮಾರು 12 ಭಾಗ ಮದ್ಯಸಾರವಾಗುವುದು. ಇನ್ನು ಹುಳಿ. ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಬಗೆಯ ಆಮ್ಲಗಳುಂಟು. ಅವುಗಳಲ್ಲಿ ಸೇಬಿನಲ್ಲಿಯೂ ಇರುವ ಮ್ಯಾಲಿಕ್ ಆಮ್ಲವನ್ನು ಹಣ್ಣು ತನ್ನ ಉಸಿರಾಟದಲ್ಲಿಯೇ ಖರ್ಚು ಮಾಡಿಕೊಳ್ಳುವುದು. ಬಿಸಿ ಹೆಚ್ಚಿದಷ್ಟೂ ಈ ಖರ್ಚು ಹೆಚ್ಚು. ರಾತ್ರಿ ತಂಪಾಗಿದ್ದರೆ ಹಗಲಿನ ಬಿಸಿಲಿನಲ್ಲಿ ಸಕ್ಕರೆ ಏರುವುದು, ರಾತ್ರಿ ಹುಳಿ ಉಳಿಯುವುದು, ಸುವಾಸನೆಗೆ ಕೂಡಿಬರಲು ಸಮಯ ಸಿಕ್ಕುವುದು. ರಾತ್ರಿಯೂ ಬಿಸಿಯಾಗಿದ್ದರೆ ಸಕ್ಕರೆ ಮಾತ್ರ ಓಡುವುದು. ರಸವು ಸಪ್ಪೆಯಾಗಿ, ಮದ್ಯಸಾರದ ಖಾರವೊಂದೇ ನಾಲಗೆಗೆ ತಗಲುವುದು.

ಶಾರ್ಡೊನೇ ಚೆನ್ನಾಗಿ ಬರುವ ಸೀಮೆಗಳಲ್ಲಿ ಬೆಳೆಯ ಕಾಲದ ಹಗಲಿರುಳುಗಳ ಸರಾಸರಿ ಉಷ್ಣತೆಯು ಹೆಚ್ಚುಕಡಿಮೆ 14 ರಿಂದ 17 ಡಿಗ್ರಿ ಸೆಂಟಿಗ್ರೇಡ್. ಶಿಕಾರಿಪುರ, ಸೊರಬ ಪಟ್ಟಣಗಳು ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ಎಂದರೆ ಎರಡು ಸಾವಿರ ಅಡಿಯ ಆಸುಪಾಸಿನಲ್ಲಿರುವುವು. ಇಲ್ಲಿನ ಸರಾಸರಿಯು 24, 25 ಡಿಗ್ರಿಯ ಹತ್ತಿರ. ಸಾವಿರ ಮೀಟರ್ ಮೇಲಕ್ಕೆ ಹೋದರೆ ಸುಮಾರು ಆರೂವರೆ ಡಿಗ್ರಿ ತಂಪಾಗುವುದೆಂಬುದು ಸಾಮಾನ್ಯ ನಿಯಮವು. ಎಂಟು ಡಿಗ್ರಿ ಇಳಿಯಬೇಕಾದರೆ ಈಗಿರುವುದಕ್ಕಿಂತ 1200 ಮೀಟರಿಗೂ ಮೇಲೆ ಹೋಗಬೇಕು. ಒಟ್ಟು ಎತ್ತರ 1800 ಮೀಟರ್ ದಾಟಬೇಕು. ಇಡೀ ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರವಾದ ಮುಳ್ಳಯ್ಯನಗಿರಿಯೇ ಸುಮಾರು 1930 ಮೀಟರ್. ಚಂದ್ರಗುತ್ತಿಯ ಗುಡ್ಡವು ನೋಟಕ್ಕೆ ಎಷ್ಟೇ ಭವ್ಯವಾಗಿದ್ದರೂ ಈ ಲೆಕ್ಕಕ್ಕೆ ಬರಲಾರದು. ಮಲೆನಾಡಿನ ಆಷಾಢದಲ್ಲಿ ಕಂಬಳಿ ಹೊದೆಯುವಷ್ಟು ತಂಪಾಗುವುದು ನಿಜವೇ. ಆದರೆ ಅದು ಮೋಡವೂ ಮಳೆಯೂ ತರುವ ತಂಪು. ಆ ಕಾಲದಲ್ಲಿ ಯಾವ ದ್ರಾಕ್ಷಿಯೂ ಮಾಗಲಾರದು.

ಬೇರೆ ದೇಶಗಳ ಬೆಟ್ಟದ ದ್ರಾಕ್ಷಿತೋಟಗಳನ್ನು ನೋಡಿದರೆ ಇನ್ನೊಂದು ಸಂಗತಿಯು ಸ್ಪಷ್ಟವಾಗುವುದು. ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದಲ್ಲಿ ಆಂಡಿಸ್ ಪರ್ವತದ ಬುಡಕ್ಕೆ ಮೆಂಡೋಸಾ ಎಂಬ ಪ್ರಾಂತ್ಯವಿದೆ. ಅಲ್ಲಿ ಕಟೇನಾ ಮನೆತನದವರು 1992 ರಲ್ಲಿ ಸುಮಾರು 1450 ಮೀಟರ್ ಎತ್ತರದಲ್ಲಿ ಆಡ್ರಿಯಾನಾ ಎಂಬ ತೋಟವನ್ನು ಹಾಕಿದರು; ಅಷ್ಟು ಎತ್ತರದಲ್ಲಿ ಹಣ್ಣು ಮಾಗುವುದೇ ಇಲ್ಲವೆಂದು ಹೇಳಿದವರಿದ್ದರು. ಆ ತೋಟದ ಶಾರ್ಡೊನೇ ಇಂದು ಬಹು ಬೆಲೆಗೆ ಮಾರುವುದು. ಆದರೆ ಮೆಂಡೋಸಾದಲ್ಲಿ ವರ್ಷಕ್ಕೆ ಬೀಳುವ ಮಳೆಯು ಸುಮಾರು 200 ಮಿಲಿಮೀಟರ್ ಮಾತ್ರ, ಎಂದರೆ ಎಂಟು ಅಂಗುಲ. ಪರ್ವತದ ಹಿಮ ಕರಗಿ ಬಂದ ನೀರನ್ನು ಕಾಲುವೆಯಲ್ಲಿ ತಂದು ಬಳ್ಳಿಗೆ ಬೇಕಾದಾಗ ಬೇಕಾದಷ್ಟೇ ಕೊಡುವರು. ಸೊರಬದ ಪಡುವಣ ಹೋಬಳಿಗಳಲ್ಲಿ ಪುನರ್ವಸು, ಪುಷ್ಯ ಮಳೆಗಳು ಹಿಡಿದವೆಂದರೆ ಆ ಎಂಟು ಅಂಗುಲವು ಎಷ್ಟು ದಿನದಲ್ಲಿ ಬೀಳುವುದೆಂಬುದನ್ನು ಅಲ್ಲಿಯವರೇ ಬಲ್ಲರು.

ಮಳೆನಕ್ಷತ್ರಗಳೂ ಚಾಟ್ನಿಯೂ

ಚಳಿದೇಶದಲ್ಲಿ ದ್ರಾಕ್ಷಿಯು ಎಲೆಯುದುರಿಸಿ ನಾಲ್ಕು ತಿಂಗಳು ನಿದ್ರಿಸುವುದು. ವಸಂತದಲ್ಲಿ ಎಲ್ಲ ಕಣ್ಣುಗಳೂ ಒಟ್ಟಿಗೆ ಒಡೆಯುವುವು. ದಕ್ಷಿಣ ಭಾರತದಲ್ಲಿ ಬಳ್ಳಿಗೆ ಈ ನಿದ್ರೆಯಿಲ್ಲ. ಇಲ್ಲಿ ನಿದ್ರೆಯ ಕೆಲಸವನ್ನು ಕತ್ತರಿಯೇ ಮಾಡಬೇಕು. ವರ್ಷಕ್ಕೆ ಎರಡು ಸಲ ಬಳ್ಳಿ ಸವರುವುದು ವಾಡಿಕೆ; ಇದನ್ನು ಉತ್ತರ ಸೀಮೆಯ ಬೆಳೆಗಾರರು ಚಾಟ್ನಿ ಎನ್ನುವರು. ಏಪ್ರಿಲ್ ಚಾಟ್ನಿಯು ಕಡ್ಡಿ ಬೆಳೆಸುವುದಕ್ಕೆ. ಅದಾದ ಒಂದೂವರೆ, ಎರಡು ತಿಂಗಳೊಳಗೆ ಮುಂದಿನ ಗೊಂಚಲು ಕಣ್ಣಿನೊಳಗೆ ಮೂಡಿರುವುದು. ಅಕ್ಟೋಬರ್ ಚಾಟ್ನಿಯು ಆ ಕಣ್ಣುಗಳನ್ನು ಎಬ್ಬಿಸಿ ಹಣ್ಣು ಪಡೆಯುವುದಕ್ಕೆ. ಅಕ್ಟೋಬರಿನಲ್ಲಿ ಸವರಿದರೆ ಫೆಬ್ರವರಿ, ಮಾರ್ಚ್ ಹೊತ್ತಿಗೆ ಕೊಯ್ಲು. ಶಾರ್ಡೊನೇಯಂಥ ಚಳಿದೇಶದ ಜಾತಿಗಳ ಕಣ್ಣು ಇಲ್ಲಿ ಒಮ್ಮೆಲೇ ಒಡೆಯುವುದಿಲ್ಲವಾದ್ದರಿಂದ ಔಷಧ ಹಚ್ಚಿ ಎಬ್ಬಿಸಬೇಕಾಗುವುದೂ ಉಂಟು.

ಈ ಕಾಲಕ್ರಮವನ್ನು ಶಿಕಾರಿಪುರ, ಸೊರಬದ ಮಳೆನಕ್ಷತ್ರಗಳೊಡನೆ ಹೊಂದಿಸಿ ನೋಡಬೇಕು. ಏಪ್ರಿಲಿನಲ್ಲಿ ಸವರಿದ ಬಳ್ಳಿಯು ಮೃಗಶಿರಾ ಮಳೆ ಹಿಡಿಯುವ ವೇಳೆಗೆ ಎಳೆಯ ಎಲೆಗಳಿಂದ ತುಂಬಿರುವುದು. ಅಲ್ಲಿಂದ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ. ಎಲೆಯು ಒಣಗುವ ದಿನವೇ ವಿರಳ. ಗೊಂಚಲು ಮೂಡಬೇಕಾದ ಸಮಯದಲ್ಲಿಯೇ ಮೋಡ ಕವಿದು ಬೆಳಕು ಸಾಲದಾಗುವುದು. ಬೆಳಕು ಸಾಲದ ಕಣ್ಣು ಮುಂದೆ ಒಡೆದರೂ ಬರೀ ಎಲೆಯನ್ನೂ ಬಳ್ಳಿಕುಡಿಯನ್ನೂ ಕೊಡುವುದೇ ಹೊರತು ಗೊಂಚಲನ್ನು ಕೊಡದು. ಇನ್ನು ಹಣ್ಣಿನ ಚಾಟ್ನಿ. ಅಕ್ಟೋಬರ್ ಎರಡನೆಯ ವಾರದಲ್ಲಿ ಸವರಿದರೆ ಚಿಗುರು ಬರುವುದು ಚಿತ್ತಾ, ಸ್ವಾತಿ ಮಳೆಗಳಲ್ಲಿ. ಜನವರಿಯ ತಂಪಿನಲ್ಲಿ ಹಣ್ಣು ಮಾಗಲೆಂದು ಸೆಪ್ಟೆಂಬರಿಗೇ ಸವರಿದರೆ ಉತ್ತರೆ, ಹಸ್ತ ಮಳೆಗಳ ಬಾಯಿಗೆ ಚಿಗುರನ್ನು ಕೊಟ್ಟಂತಾಗುವುದು. ಮಳೆಗೆ ಹೆದರಿ ನವೆಂಬರ್ ಮಧ್ಯಕ್ಕೆ ತಳ್ಳಿದರೆ ಹಣ್ಣು ಮಾಗುವುದು ಮಾರ್ಚ್, ಏಪ್ರಿಲ್ ತಿಂಗಳ ಉರಿಯಲ್ಲಿ. ಆಗ ಹಗಲಿನ ಉಷ್ಣತೆಯು 35 ಡಿಗ್ರಿಗೆ ಏರುವುದು, ಮೇಲಾಗಿ ಗುಡುಗುಮಳೆಯೂ ಕೆಲವು ವರ್ಷ ಆಲಿಕಲ್ಲೂ ಬೀಳುವುದು. ಹಿಂದಕ್ಕೆ ಸರಿದರೆ ಮಳೆ, ಮುಂದಕ್ಕೆ ಸರಿದರೆ ಬಿಸಿಲು. ಇವೆರಡರ ನಡುವೆ ಉಳಿಯುವ ಒಣ ತಂಪಿನ ಕಾಲವು ಡಿಸೆಂಬರ್, ಜನವರಿ ಎರಡೇ ತಿಂಗಳು. ಆ ತಿಂಗಳುಗಳಲ್ಲಿಯೂ ಬೆಳಗಿನ ಇಬ್ಬನಿ ಬಹಳ. ಬೂದಿ ರೋಗವು ಹೆಚ್ಚುವುದಕ್ಕೆ ಅಂಥ ತಂಪು ತೇವದ ಹವೆಯು ಅನುಕೂಲವು.

ಕೊಳೆರೋಗದ ಔಷಧವು ದ್ರಾಕ್ಷಿಯ ಔಷಧವೇ

ಮಲೆನಾಡಿನ ಅಡಿಕೆ ಬೆಳೆಗಾರನಿಗೆ ತಿಳಿದೋ ತಿಳಿಯದೆಯೋ ದ್ರಾಕ್ಷಿಯೊಡನೆ ಒಂದು ನಂಟು ನೂರು ವರ್ಷಕ್ಕೂ ಮೇಲ್ಪಟ್ಟು ಉಂಟು. ಅದು ಬೋರ್ಡೋ ದ್ರಾವಣವು. ಬೋರ್ಡೋ ಎಂಬುದು ಫ್ರಾನ್ಸ್ ದೇಶದ ಒಂದು ದ್ರಾಕ್ಷಿ ಸೀಮೆಯ ಹೆಸರು. 1878 ರಲ್ಲಿ ಅಮೆರಿಕದಿಂದ ಬೂಜು ತುಪ್ಪಟ ರೋಗವು ಆ ದೇಶಕ್ಕೆ ಬಂದಿಳಿಯಿತು. ಎಲೆಯ ಮೇಲೆ ಎಣ್ಣೆಯ ಕಲೆಯಂಥ ಹಳದಿ ಮಚ್ಚೆ, ಕೆಳಗೆ ಬಿಳಿಯ ತುಪ್ಪಟದಂಥ ಬೂಜು, ಆಮೇಲೆ ಎಲೆಯೆಲ್ಲ ಉದುರಿ ಕಾಯಿ ಸುರುಟುವುದು ಇದರ ಕ್ರಮವು. ಅಲ್ಲಿನ ಮೆಡಾಕ್ ಎಂಬ ಭಾಗದಲ್ಲಿ ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆಯ ಪಕ್ಕದ ಸಾಲುಗಳಿಗೆ ಮಾತ್ರ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಎರಚುವ ಪದ್ಧತಿಯಿತ್ತು. ನೀಲಿ ಬಳಿದ ಹಣ್ಣನ್ನು ವಿಷವೆಂದು ಯಾರೂ ಮುಟ್ಟುತ್ತಿರಲಿಲ್ಲ. 1882 ರಲ್ಲಿ ರೋಗವು ತೋಟಗಳನ್ನು ಬೋಳು ಮಾಡಿದಾಗ ಆ ರಸ್ತೆಯ ಪಕ್ಕದ ಬಳ್ಳಿಗಳಲ್ಲಿ ಮಾತ್ರ ಎಲೆ ಹಸಿರಾಗಿ ನಿಂತಿದ್ದುದನ್ನು ಮಿಯಾರ್ದೆ ಎಂಬ ಸಸ್ಯಶಾಸ್ತ್ರಜ್ಞನು ಗಮನಿಸಿದನು. ಪರೀಕ್ಷೆ ಮಾಡಿ 1885 ರಲ್ಲಿ ಇದನ್ನು ಪ್ರಕಟಿಸಿದನು. ಕಳ್ಳರಿಗೆಂದು ಮಾಡಿದ ಉಪಾಯವು ರೋಗಕ್ಕೆ ಮದ್ದಾಯಿತು.

ಇದೇ ಔಷಧವನ್ನು ಮಲೆನಾಡಿನ ಅಡಿಕೆಗೆ ತಂದವರಲ್ಲಿ ಮುಖ್ಯರು ಕೆನಡಾ ದೇಶದವರಾದ ಲೆಸ್ಲಿ ಕೋಲ್ಮನ್. ಇವರು 1908 ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಕೊಳೆರೋಗವನ್ನು ಪರಿಶೋಧಿಸಿ, 1910 ರಲ್ಲಿ ಅದರ ವಿಷಯವಾಗಿ ವ್ಯವಸಾಯ ಇಲಾಖೆಯ ಪತ್ರಿಕೆಯನ್ನು ಹೊರಡಿಸಿದರು. ಮುಂದೆ ಆ ಇಲಾಖೆಯ ನಿರ್ದೇಶಕರಾದರು. ಅದಕ್ಕೆ ಮುಂಚೆ ಗೊನೆಗೆ ಕೊಟ್ಟೆ ಕಟ್ಟುವುದೊಂದೇ ಉಪಾಯವಾಗಿತ್ತು. ಮಳೆಯಲ್ಲಿ ತೊಳೆದುಹೋಗದಂತೆ ಔಷಧಕ್ಕೆ ರಾಳ, ಸೋಡಾ ಸೇರಿಸಿ ಹೊಡೆಯುವುದನ್ನು ಅವರು ಬೆಳೆಗಾರರಿಗೆ ತೋರಿಸಿಕೊಟ್ಟರು. ಇಂದು ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕವನ್ನೂ, ಕಬ್ಬಿಣದ ಚಾಕುವನ್ನು ಅದ್ದಿ ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಬೇಕೆಂಬ ಪರೀಕ್ಷೆಯನ್ನೂ ಅಡಿಕೆ ತೋಟದ ಆಳುಮಗನೂ ಬಲ್ಲನು.

ಈ ಸಂಗತಿಯನ್ನು ಇಲ್ಲಿ ವಿಸ್ತಾರವಾಗಿ ಹೇಳಿದುದಕ್ಕೆ ಕಾರಣವುಂಟು. ಅಡಿಕೆಯ ಕೊಳೆರೋಗದ ಜೀವಿಯೂ ದ್ರಾಕ್ಷಿಯ ಬೂಜು ತುಪ್ಪಟ ರೋಗದ ಜೀವಿಯೂ ಒಂದೇ ವರ್ಗಕ್ಕೆ ಸೇರಿದುವು. ಎರಡರ ಬೀಜಕಣಗಳೂ ನೀರಿನಲ್ಲಿ ಈಜಿ ಗಿಡವನ್ನು ಸೇರತಕ್ಕವು. ಎಲ್ಲಿ ಕೊಳೆರೋಗವು ತಪ್ಪದೆ ಬರುವುದೋ ಅಲ್ಲಿ ದ್ರಾಕ್ಷಿಗೆ ಈ ರೋಗವೂ ತಪ್ಪದೆಂದು ತಿಳಿಯಬಹುದು. ಹೊರದೇಶದ ಬೆಳೆಗಾರರು ಇಟ್ಟುಕೊಂಡಿರುವ ಒಂದು ಲೆಕ್ಕವಿದೆ: ಒಂದು ದಿನರಾತ್ರಿಯಲ್ಲಿ 10 ಮಿಲಿಮೀಟರ್ ಮಳೆ ಬಿದ್ದು, ಉಷ್ಣತೆಯು 10 ಡಿಗ್ರಿಗೆ ಕಡಿಮೆಯಾಗದಿದ್ದರೆ ರೋಗವು ಮೊದಲಾಗುವುದೆಂದು ಎಚ್ಚರಗೊಳ್ಳಬೇಕು. ಅವರಿಗೆ ಅಂಥ ದಿನವು ವರ್ಷದಲ್ಲಿ ಎಣಿಸುವಷ್ಟು. ಸೊರಬದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಥ ದಿನಗಳು ಮತ್ತೆ ಮತ್ತೆ ಬರುವುವು.

"ಅಡಿಕೆಗೆ ಎರಡು ಮೂರು ಸಲ ಹೊಡೆದು ಉಳಿಸಿಕೊಳ್ಳುವಾಗ ದ್ರಾಕ್ಷಿಗೂ ಹೊಡೆದರಾಯಿತು" ಎಂದರೆ ಅದು ಸರಿಯಾಗದು. ಅಡಿಕೆಯಲ್ಲಿ ರಕ್ಷಿಸಬೇಕಾದುದು ಆಗಲೇ ಕಟ್ಟಿರುವ ಗೊನೆಯನ್ನು. ಒಮ್ಮೆ ಅಂಟಿದ ಔಷಧವು ಕಾಯಿಯ ಮೇಲೆ ಒಂದು ತಿಂಗಳಿಗೂ ಮೇಲ್ಪಟ್ಟು ನಿಲ್ಲುವುದು. ದ್ರಾಕ್ಷಿಯಲ್ಲಿ ವಾರ ವಾರಕ್ಕೂ ಹೊಸ ಎಲೆ ಬಿಚ್ಚುವುದು. ಬಿಚ್ಚಿದ ಎಲೆಯ ಮೇಲೆ ಹಿಂದಿನ ವಾರದ ಔಷಧವಿರುವುದಿಲ್ಲ. ಮಳೆ ಹೆಚ್ಚಾದ ವರ್ಷ ಫ್ರಾನ್ಸ್ ದೇಶದಲ್ಲಿಯೇ ಹತ್ತಕ್ಕೂ ಮಿಕ್ಕಿ ಸಲ ಔಷಧ ಹೊಡೆಯಬೇಕಾಗುವುದು. ಇಷ್ಟೆಲ್ಲ ತಾಮ್ರವು ಕೊನೆಗೆ ಮಣ್ಣಿಗೇ ಇಳಿಯುವುದು. ಇದನ್ನು ಮನಗಂಡು ಯುರೋಪಿನ ಒಕ್ಕೂಟವು 2019 ರಿಂದ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರವನ್ನು ಮೀರಕೂಡದೆಂದು ಮಿತಿ ಹಾಕಿತು. ತೋಟದ ಮೇಲೆಲ್ಲ ಪ್ಲಾಸ್ಟಿಕ್ ಹೊದಿಕೆ ಹಾಕಿ ಮಳೆ ತಡೆಯುವ ದಾರಿಯೂ ಇಲ್ಲದಿಲ್ಲ. ಅದು ಹೆಚ್ಚು ಬೆಲೆಯ ತಿನ್ನುವ ಹಣ್ಣಿಗೆ ಒಗ್ಗೀತೇ ಹೊರತು ರಸ ಹಿಂಡುವ ಹಣ್ಣಿನ ಧಾರಣೆಗೆ ಒಗ್ಗುವುದು ಕಷ್ಟ.

ಭಾರತದಲ್ಲಿ ಇದು ಬೆಳೆಯುವುದೆಲ್ಲಿ?

ಶಾರ್ಡೊನೇಯನ್ನು ಭಾರತದಲ್ಲಿ ಬೆಳೆಯುವುದಿಲ್ಲವೆಂದಲ್ಲ. ಫ್ರಾಟೆಲ್ಲಿ ಎಂಬ ಕಂಪನಿಯು ಇಟಲಿ ದೇಶದವರ ಸಹಭಾಗಿತ್ವದಲ್ಲಿ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್ ಸುತ್ತಮುತ್ತ ಇದನ್ನು ಬೆಳೆಸಿ ರಸ ತೆಗೆಯುವುದು. ಸೊಲ್ಲಾಪುರವು ತಂಪಿಗೆ ಹೆಸರಾದ ಸೀಮೆಯಲ್ಲ, ಬೆಟ್ಟದ ಸೀಮೆಯೂ ಅಲ್ಲ. ಮಳೆ ಕಡಿಮೆಯಾದ ಬಯಲು ಸೀಮೆ. ಅಲ್ಲಿ ಬಿಸಿಲಿನಿಂದ ಹುಳಿ ಇಳಿದುಹೋಗದಂತೆ ಹಣ್ಣನ್ನು ಬೇಗ ಕೊಯ್ದು, ಹಿಂಡಿದ ರಸವನ್ನು ಯಂತ್ರದಿಂದ ತಂಪು ಮಾಡಿ ಕಾಪಾಡಿಕೊಳ್ಳಬಹುದು. ಮಳೆಯಲ್ಲಿ ಕೊಳೆತ ಗೊಂಚಲಿಗೆ ಅಂಥ ಯಾವ ಯಂತ್ರವೂ ಇಲ್ಲ. ಬಿಸಿಲು ರಸದ ಗುಣವನ್ನು ಕೆಡಿಸುವುದು. ಮಳೆಯು ಬೆಳೆಯನ್ನೇ ಕಳೆಯುವುದು. ತಂಪು ಮತ್ತು ಒಣಹವೆ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾಗಿ ಬಂದರೆ ಭಾರತದ ಬೆಳೆಗಾರನು ಒಣಹವೆಯನ್ನೇ ಆರಿಸಿಕೊಂಡಿರುವುದಕ್ಕೆ ಇದೇ ಕಾರಣವು.

ಕರ್ನಾಟಕದಲ್ಲಿ ದ್ರಾಕ್ಷಾರಸದ ಹೊಸ ಉದ್ಯಮಕ್ಕೆ ಮೊದಲು ಹೆಸರು ತಂದುದು ನಂದಿಬೆಟ್ಟದ ಬುಡವು. ದೊಡ್ಡಬಳ್ಳಾಪುರದ ಬಳಿ ಕನ್ವಲ್ ಗ್ರೋವರ್ ಎಂಬವರು ಫ್ರಾನ್ಸ್ ದೇಶದ ತಜ್ಞರ ನೆರವಿನಿಂದ ಫ್ರೆಂಚ್ ಜಾತಿಗಳನ್ನು ಪರೀಕ್ಷಿಸಿ 1988 ರಲ್ಲಿ ಕಂಪನಿಯನ್ನು ಸ್ಥಾಪಿಸಿದರು. ಆ ತೋಟಗಳು ಸುಮಾರು 900 ಮೀಟರ್ ಎತ್ತರದಲ್ಲಿವೆ. ಶಿಕಾರಿಪುರಕ್ಕಿಂತ 300 ಮೀಟರ್ ಮೇಲೆ, ಹಿಂದೆ ಹೇಳಿದ ಲೆಕ್ಕದಂತೆ ಎರಡು ಡಿಗ್ರಿ ತಂಪು. ಅಲ್ಲಿಯೂ ಸೆಪ್ಟೆಂಬರ್, ಅಕ್ಟೋಬರ್ ಮಳೆಯ ಕಾಟ ತಪ್ಪದು. ಆದರೆ ಮುಂಗಾರಿನ ನಾಲ್ಕು ತಿಂಗಳ ಜಡಿಮಳೆಯು ಅಲ್ಲಿಗೆ ಇಲ್ಲ. ಅದೇ ಭಾಗದ ಬೆಂಗಳೂರು ಬ್ಲೂ ಎಂಬ ಕಪ್ಪು ದ್ರಾಕ್ಷಿಗೆ 2013 ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯು ದೊರೆಯಿತು. ಇದು ತಿನ್ನುವುದಕ್ಕೂ, ಹಣ್ಣಿನ ರಸಕ್ಕೂ, ದ್ರಾಕ್ಷಾರಸಕ್ಕೂ ಮೂರಕ್ಕೂ ಸಲ್ಲುವುದು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಬೀಜವಿಲ್ಲದ ದ್ರಾಕ್ಷಿಯ ವಿಷಯವು ಎಲ್ಲರಿಗೂ ತಿಳಿದುದೇ. ಅಲ್ಲಿ ಹಸಿಹಣ್ಣಿಗೆ ಧಾರಣೆ ಬಾರದಿದ್ದರೆ ಒಣಗಿಸಿ ಮಾರುವರು.

ಹಿಂಡುವವನಿಲ್ಲದ ಹಣ್ಣು

ಹವೆಯ ವಿಚಾರವನ್ನು ಪಕ್ಕಕ್ಕಿಟ್ಟು, ಒಂದು ಎಕರೆ ಶಾರ್ಡೊನೇ ಹೇಗೋ ಬಂದಿತೆಂದೇ ಭಾವಿಸಬಹುದು. ಹತ್ತು ಅಡಿಗೆ ಆರು ಅಡಿಯಂತೆ ನೆಟ್ಟರೆ ಎಕರೆಗೆ 726 ಬಳ್ಳಿ. ಆ ಹಣ್ಣನ್ನು ಏನು ಮಾಡುವುದು? ತಿನ್ನುವ ಪೇಟೆಯಿಲ್ಲ. ಒಣಗಿಸಿದರೆ ಬೀಜವಿರುವ ಸಣ್ಣ ಒಣದ್ರಾಕ್ಷಿಯನ್ನು ಕೇಳುವವರಿಲ್ಲ. ರಸ ಹಿಂಡುವ ಕಾರ್ಖಾನೆಯವನೊಬ್ಬನೇ ಗಿರಾಕಿ. ಬಿಳಿಯ ರಸಕ್ಕೆ ಹಣ್ಣನ್ನು ನಸುಕಿನಲ್ಲಿ ಕೊಯ್ದು, ಬಿಸಿಯೇರುವುದರೊಳಗೆ ಹಿಂಡಬೇಕು. ದಾರಿಯಲ್ಲಿ ಒಡೆದು ಹುದುಗಿದ ಹಣ್ಣು ಎರಡನೆಯ ದರ್ಜೆಗೂ ಸಲ್ಲದು. ಶಿಕಾರಿಪುರದಿಂದ ನಂದಿಯ ಸೀಮೆಗೆ 300 ಕಿಲೋಮೀಟರಿಗೂ ಮಿಕ್ಕಿ ದೂರವು. ತಂಪುಪೆಟ್ಟಿಗೆಯ ಲಾರಿಯ ಬಾಡಿಗೆಯನ್ನು ಎಕರೆಯ ಹುಟ್ಟುವಳಿಯಿಂದ ಕಳೆದು ಉಳಿದುದೇನೆಂಬುದನ್ನು ಮೊದಲು ಕಾಗದದ ಮೇಲೆ ಲೆಕ್ಕ ಹಾಕತಕ್ಕದ್ದು.

ಒಬ್ಬನೇ ಗಿರಾಕಿಯನ್ನು ನಂಬಿದ ಬೆಳೆಯ ಗತಿಯನ್ನು ಮಹಾರಾಷ್ಟ್ರದ ನಾಸಿಕದ ಬೆಳೆಗಾರರು ಕಂಡಿದ್ದಾರೆ. ಅಲ್ಲಿನ ಸರ್ಕಾರವು 2001 ರಲ್ಲಿ ದ್ರಾಕ್ಷಿ ಸಂಸ್ಕರಣೆಯ ನೀತಿಯನ್ನು ಪ್ರಕಟಿಸಿದ ಮೇಲೆ ಕಾರ್ಖಾನೆಗಳು ಬೇಗಬೇಗನೆ ಎದ್ದುವು. ಅವುಗಳ ಮಾತನ್ನು ನಂಬಿ ಅನೇಕರು ರಸದ ಜಾತಿಗಳನ್ನು ನೆಟ್ಟರು. 2008 ರ ಆರ್ಥಿಕ ಮುಗ್ಗಟ್ಟಿನಿಂದ ಮಾರಾಟವು ಕುಸಿದಾಗ ಕಾರ್ಖಾನೆಗಳು ಹಣ್ಣನ್ನು ಕೊಳ್ಳಲಾರದೆ ಹೋದುವು. ಬೆಳೆಗಾರರಲ್ಲಿ ಹಲವರು ಫಲಕೊಡುವ ಬಳ್ಳಿಗಳನ್ನೇ ಕಿತ್ತು, ತಿನ್ನುವ ದ್ರಾಕ್ಷಿಯನ್ನು ಹಾಕಬೇಕಾಯಿತು. ನಾಸಿಕದ ರೈತನಿಗೆ ಕಿತ್ತ ಜಾಗದಲ್ಲಿ ಬೇರೆ ದ್ರಾಕ್ಷಿ ಹಾಕುವ ದಾರಿಯಾದರೂ ಇತ್ತು. ಸೊರಬದ ರೈತನಿಗೆ ಕಂಬವೂ ತಂತಿಯೂ ಮೂಲೆಗೆ ಬೀಳುವುವು.

ಕರ್ನಾಟಕ ಸರ್ಕಾರವೂ 2007 ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ದ್ರಾಕ್ಷಾರಸದ ನೀತಿಯನ್ನು ಹೊರಡಿಸಿ, ದ್ರಾಕ್ಷಾರಸ ಮಂಡಳಿಯನ್ನು ಸ್ಥಾಪಿಸಿತು. ಆದರೆ ಹಣ್ಣು ಮಿಕ್ಕಿತೆಂದು ಮನೆಯಲ್ಲಿಯೇ ರಸ ಹುದುಗಿಸಿ ಮಾರುವುದಕ್ಕೆ ಇದರಿಂದ ಯಾರಿಗೂ ಅಧಿಕಾರ ಬಂದಿಲ್ಲ. 1965 ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಅನುಜ್ಞಾಪತ್ರವಿಲ್ಲದೆ ದ್ರಾಕ್ಷಾರಸ ತಯಾರಿಸುವುದು ಅಪರಾಧವು. ದ್ರಾಕ್ಷಾರಸ ಸೇವನೆಯ ಗುಣದೋಷದ ವಿಚಾರವು ಬೇಸಾಯದ ಪಾಠಕ್ಕೆ ಸೇರಿದುದಲ್ಲ. ಕಾಯ್ದೆಯ ವಿಚಾರವು ಸೇರಿದುದು.

ಪರೀಕ್ಷೆ ಮಾಡಿಯೇ ತೀರಬೇಕೆಂದರೆ

ಮೇಲಿನದನ್ನೆಲ್ಲ ತಿಳಿದ ಮೇಲೂ ಕೈಯಾರೆ ಪರೀಕ್ಷಿಸುವ ಆಸೆಯುಳ್ಳವರು ಎಕರೆಗಟ್ಟಲೆ ಇಳಿಯದೆ ಹತ್ತು ಹನ್ನೆರಡು ಬಳ್ಳಿಗಳಿಂದ ತೊಡಗಬಹುದು. ಜಾಗದ ಆಯ್ಕೆಯೇ ಮುಖ್ಯವು. ಸೊರಬದ ಚಂದ್ರಗುತ್ತಿಯ ಕಡೆಗಿಂತ ಶಿಕಾರಿಪುರದ ಮೂಡಣ ಭಾಗ, ಹೊನ್ನಾಳಿಯ ಕಡೆಗೆ ಇಳಿಯುವ ಖುಷ್ಕಿ ಜಮೀನು ಮೇಲು. ಅಲ್ಲಿಗೆ ಮಳೆ ಕಡಿಮೆ. ಬತ್ತದ ಗದ್ದೆಯಲ್ಲಿಯೂ, ಬೈಲಿನಲ್ಲಿಯೂ, ಅಡಿಕೆ ತೋಟದ ನೆರಳಿನಲ್ಲಿಯೂ ದ್ರಾಕ್ಷಿಯನ್ನು ನೆಡಕೂಡದು. ನೀರು ನಿಲ್ಲದ, ಬೆಳಗಿನ ಬಿಸಿಲು ಮೊದಲು ಬೀಳುವ ಇಳುಕಲು ಬೇಕು. ಇಬ್ಬನಿಯು ಎಷ್ಟು ಬೇಗ ಆರುವುದೋ ಅಷ್ಟು ಒಳ್ಳೆಯದು. ಜಂಬಿಟ್ಟಿಗೆ ಬೆರೆತ ಕೆಂಪು ಭೂಮಿಯು ಸಾಮಾನ್ಯವಾಗಿ ಹುಳಿಯಾಗಿರುವುದರಿಂದ ಮಣ್ಣಿನ ಪರೀಕ್ಷೆ ಮಾಡಿಸಿ, ಬೇಕಾದಷ್ಟು ಸುಣ್ಣವನ್ನು ಸೇರಿಸತಕ್ಕದ್ದು. ಶಾಬ್ಲಿಯ ಭೂಮಿಯು ಸುಣ್ಣಕಲ್ಲಿನದೆಂಬುದು ಇಲ್ಲಿ ನೆನಪಿಗೆ ತಕ್ಕುದು.

ಜಾತಿಯಲ್ಲಿ ಎಂಟು ಬಳ್ಳಿ ಬೆಂಗಳೂರು ಬ್ಲೂ, ನಾಲ್ಕು ಬಳ್ಳಿ ಶಾರ್ಡೊನೇ ಇಟ್ಟುಕೊಂಡರೆ ಎರಡನ್ನೂ ಹೋಲಿಸಿ ನೋಡಬಹುದು. ಬೆಂಗಳೂರು ಬ್ಲೂ ಚಿಬ್ಬು ರೋಗವನ್ನು ತಡೆಯಬಲ್ಲುದು. ಬೂಜು ತುಪ್ಪಟ ರೋಗಕ್ಕೆ ಮಾತ್ರ ಅದೂ ತುತ್ತಾಗುವುದು. ಅದು ಫಲಿಸದಿದ್ದ ಜಾಗದಲ್ಲಿ ಶಾರ್ಡೊನೇ ಫಲಿಸುವುದೆಂಬ ಆಸೆಯು ಬೇಡ. ಶಾರ್ಡೊನೇಯನ್ನು ಡಾಗ್‌ರಿಡ್ಜ್ ಅಥವಾ ಅಂಥ ಬೇರುಗಿಡದ ಮೇಲೆ ಕಸಿ ಮಾಡಿದುದನ್ನೇ ನಂಬಿಕೆಯ ಸಸಿತೋಟದಿಂದ ತರತಕ್ಕದ್ದು. ಹೆಸರಿನ ಚೀಟಿಯನ್ನು ಮಾತ್ರ ನೋಡಿ ಹಣ ಕೊಡಕೂಡದು. ಎಲೆಯು ನೆಲಕ್ಕೆ ತಾಗದಂತೆ, ಗಾಳಿ ಹಾಯುವಂತೆ ಎತ್ತರದ ಚಪ್ಪರ ಕಟ್ಟಬೇಕು. ಉದುರಿದ ಎಲೆಯನ್ನು ಬುಡದಲ್ಲಿ ಬಿಡದೆ ಗುಡಿಸಿ ಸುಡಬೇಕು. ರೋಗದ ಬೀಜವು ಅದರಲ್ಲಿಯೇ ಉಳಿದು ಮುಂದಿನ ಮಳೆಗೆ ಕಾದಿರುವುದು.

ಪರೀಕ್ಷೆಯ ಲೆಕ್ಕವನ್ನು ಬಾಯಲ್ಲಿಟ್ಟುಕೊಳ್ಳದೆ ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ಯಾವ ಮಳೆನಕ್ಷತ್ರದಲ್ಲಿ ಮೊದಲ ಹಳದಿ ಮಚ್ಚೆ ಕಂಡಿತು, ಎಷ್ಟು ಸಲ ಔಷಧ ಹೊಡೆಯಬೇಕಾಯಿತು, ಪ್ರತಿ ಸಲಕ್ಕೂ ಆಳಿನ ಕೂಲಿಯೆಷ್ಟು, ದೀಪಾವಳಿಯ ಹೊತ್ತಿಗೆ ಬಳ್ಳಿಯ ಮೇಲೆ ಎಷ್ಟು ಎಲೆ ಉಳಿದಿತ್ತು, ಅಕ್ಟೋಬರ್ ಚಾಟ್ನಿಯ ನಂತರ ಹತ್ತು ಕಣ್ಣಿನಲ್ಲಿ ಎಷ್ಟು ಗೊಂಚಲು ತಂದುವು ಎಂಬ ಇಷ್ಟು ಸಂಗತಿಗಳು ಮೂರು ವರ್ಷ ಬರೆದಿದ್ದರೆ ಸಾಕು. ಮಚ್ಚೆ ಬಿದ್ದ ಎಲೆಗಳನ್ನು ಕಾಗದದ ಲಕೋಟೆಯಲ್ಲಿಟ್ಟು ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಾಗಲಿ, ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿರುವ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಾಗಲಿ ತೋರಿಸಬಹುದು. ಪ್ಲಾಸ್ಟಿಕ್ ಚೀಲದಲ್ಲಿ ಒಯ್ದರೆ ಎಲೆಯು ಬೆವರಿ ಕೊಳೆತು ರೋಗದ ಗುರುತು ಸಿಕ್ಕದೆ ಹೋಗುವುದು.